ಹವಳದೊಳಗಿನ ಕಪ್ಪೆಚಿಪ್ಪು: ಯಾವ ಕಾಲಮ್ಮಿಗೆ ಬರೆಯೋಣ?

ಈ ಸಂಚಿಕೆಯ ವಿಜ್ಞಾನ ಪುಟ ಬರೆಯುವ ಸರದಿ ನನ್ನದು.

ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ, ಕಪ್ಪೆ ಇಟ್ಟಿರುವ ಫಾರ್ಮಲಿನ್ ಬಾಟ್ಲಿಯ ಪಕ್ಕ, ಬೆಲ್ಲದ ಅಚ್ಚಿನಷ್ಟು ದೊಡ್ಡದಾದ ಬಿಳಿ ಕಲ್ಲೊಂದಿದೆ. ಎಲ್ಲರೂ ನೋಡಿಯೇ ಇರುತ್ತೀರಿ. ತುಂಬಾ ಹಳೆಯದು, ‘ಹವಳ’ ಎಂದು ಬರೆದ ಚೀಟಿಯೇ ಹಳದಿಯಾಗಿದೆ. ಮೇಲ್ಭಾಗದಲ್ಲಿ ಸಣ್ಣ ಸಣ್ಣ ಹೂವಿನಂಥ ಗುರುತುಗಳು. ಆದರೆ ಒಡೆದ ಬದಿಯನ್ನು ತಿರುಗಿಸಿ ನೋಡಿದರೆ ಕಿರುಬೆರಳು ಹೋಗುವಂಥ ಮೂರು ತೂತುಗಳಿವೆ. ಒಳಗೆಲ್ಲ ಗಾಜಿನ ಹಾಗೆ ನುಣುಪು. ನಮ್ಮಲ್ಲಿ ಕೆಲವರು ಅದನ್ನು ಡ್ರಿಲ್ ಮಷೀನಿನಿಂದ ಕೊರೆದದ್ದು ಅಂದುಕೊಂಡಿದ್ದರು. ಟಾರ್ಚ್ ಹಿಡಿದು ನೋಡಿದರೆ ಒಂದು ತೂತಿನ ತಳದಲ್ಲಿ ಕಂದು ಬಣ್ಣದ ಚಿಪ್ಪಿನ ಚೂರು ಇನ್ನೂ ಇದೆ. ಕೊರೆದವರು ಯಾರು ಅಂತ ಅದೇ ಹೇಳುತ್ತದೆ.

ಹಿಂದಿನ ತಿಂಗಳು ಜೀವಿಗಳ ನಡುವಿನ ಸಂಬಂಧದ ಪಾಠ ನಡೆದಾಗ ಮಾಸ್ತರರು ಬೋರ್ಡಿನ ಮೇಲೆ ಮೂರು ಕಾಲಂ ಎಳೆದರು. ಮೊದಲನೆಯದು ಪರಾವಲಂಬನೆ: ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಮಾವಿನ ಮರದ ಬಂದಳಿಕೆ ಇದ್ದ ಹಾಗೆ. ಎರಡನೆಯದು ಸಹಜೀವನ: ಇಬ್ಬರಿಗೂ ಲಾಭ. ಶೇಂಗಾ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಇದ್ದ ಹಾಗೆ. ಮೂರನೆಯದು ಸಹಭೋಜಿತನ: ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಲಾಭವೂ ಇಲ್ಲ, ಲುಕ್ಸಾನೂ ಇಲ್ಲ. ಹಲಸಿನ ಮರದ ಮೇಲೆ ಕೂತ ಸೀತಾಳೆ ಗಿಡ ಇದ್ದ ಹಾಗೆ. ಆಮೇಲೆ ಕಪಾಟಿನ ಕಲ್ಲನ್ನು ಮೇಜಿನ ಮೇಲಿಟ್ಟು, ‘ಹವಳದೊಳಗೆ ಮನೆ ಮಾಡಿದ ಈ ಕಪ್ಪೆಚಿಪ್ಪನ್ನು ಯಾವ ಕಾಲಮ್ಮಿಗೆ ಬರೆಯುತ್ತೀರಿ?’ ಎಂದು ಕೇಳಿದರು. ಮುಕ್ಕಾಲು ಕ್ಲಾಸು ‘ಪರಾವಲಂಬಿ!’ ಅಂತ ಕೂಗಿತು. ಪರೀಕ್ಷೆಯಲ್ಲಿ ಬಂದರೆ ಇದು ಒಂದು ಮಾರ್ಕಿನ ಪ್ರಶ್ನೆ. ಆದರೆ ಉತ್ತರ ಹುಡುಕಲು ನನಗೆ ಎರಡು ವಾರ ಬೇಕಾಯಿತು. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಹವಳದ ವಿಷಯ. ಉಂಗುರಕ್ಕೆ ಹಾಕುವ ಕೆಂಪು ಹವಳ ಬೇರೆ, ಕಡಲಲ್ಲಿ ದಿಬ್ಬ ಕಟ್ಟುವ ಹವಳ ಬೇರೆ. ಈ ದಿಬ್ಬ ಕಟ್ಟುವ ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ; ಅಂಬಲಿ ಮೀನಿನ ಬಳಗಕ್ಕೆ ಸೇರಿದ ಸಣ್ಣ ಪ್ರಾಣಿಗಳ ಗುಂಪು. ಒಂದೊಂದು ಪ್ರಾಣಿಗೆ ಪಾಲಿಪ್ ಎನ್ನುತ್ತಾರೆ. ಪ್ರತಿ ಪಾಲಿಪ್ ತನ್ನ ಕೆಳಗೆ ಸುಣ್ಣದ, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟಿನ ಬಟ್ಟಲು ಕಟ್ಟಿಕೊಂಡು ಅದರೊಳಗೆ ಕೂತಿರುತ್ತದೆ. ನಮ್ಮ ಕಲ್ಲಿನ ಮೇಲಿರುವ ಹೂವಿನಂಥ ಗುರುತುಗಳು ಆ ಬಟ್ಟಲುಗಳೇ. ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳಿರುತ್ತವೆ. ಅವು ಬಿಸಿಲಿನಲ್ಲಿ ಆಹಾರ ತಯಾರಿಸಿ ಹವಳಕ್ಕೆ ಪಾಲು ಕೊಡುತ್ತವೆ. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ದಪ್ಪವಾಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಕಪಾಟಿನ ತುಂಡಿಗೆ ಹತ್ತು ವರ್ಷವಾದರೂ ಆಗಿರಬೇಕು.

ಇನ್ನು ಕೊರೆಯುವವನು. ಬಂಡೆಗೆ ಅಂಟಿಕೊಂಡು ಬೆಳೆಯುವ, ನಾವು ತಿನ್ನುವ ಹಸಿರು ಚಿಪ್ಪಿದೆಯಲ್ಲ, ಇದೂ ಅದೇ ಕುಟುಂಬದ ಮೃದ್ವಂಗಿ. ಆಕಾರ ಮಾತ್ರ ಥೇಟ್ ಖರ್ಜೂರ. ಬಣ್ಣವೂ ಹಾಗೇ ಕಂದು. ವಿಜ್ಞಾನಿಗಳು ಇಟ್ಟ ಹೆಸರು ಲಿಥೊಫಾಗ. ಗ್ರೀಕ್ ಭಾಷೆಯಲ್ಲಿ ಅದಕ್ಕೆ ‘ಕಲ್ಲು ತಿನ್ನುವುದು’ ಎಂದರ್ಥ. ಹವಳದಲ್ಲಿ ವಾಸಿಸುವ ಹಲವು ಜಾತಿಗಳನ್ನು ಈಗ ಲಿಯೊಸೊಲೀನಸ್ ಎಂಬ ಬೇರೆ ಕುಲದಲ್ಲಿ ಇಟ್ಟಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಹೆಸರೇ ಸರಿಯಲ್ಲ. ಅದು ಕಲ್ಲನ್ನು ಕೊರೆಯುತ್ತದೆ ಹೊರತು ತಿನ್ನುವುದಿಲ್ಲ. ಹವಳದ ಮಾಂಸವನ್ನೂ ತಿನ್ನುವುದಿಲ್ಲ. ಅದರ ಊಟ ಕಡಲ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು. ಎರಡು ನಳಿಗೆಗಳಿರುತ್ತವೆ, ಒಂದರಿಂದ ನೀರು ಎಳೆದು, ಸೋಸಿ, ಇನ್ನೊಂದರಿಂದ ಹೊರಗೆ ಬಿಡುತ್ತದೆ.

ಮೆತ್ತಗಿನ ಪ್ರಾಣಿ ಕಲ್ಲು ಕೊರೆಯುವುದು ಹೇಗೆ? ಇದೇ ನನಗೆ ಬಹಳ ಹಿಡಿಸಿದ ಭಾಗ. ದೋಣಿಯ ಮರ ಕೊರೆಯುವ ಹುಳು ನಮಗೆಲ್ಲ ಗೊತ್ತು. ಅದೂ ನಿಜವಾಗಿ ಹುಳುವಲ್ಲ, ಕಪ್ಪೆಚಿಪ್ಪಿನ ಜಾತಿಯೇ. ಅದಕ್ಕೆ ತಲೆಯ ಕಡೆ ಅರದಂಥ ಚಿಪ್ಪಿರುತ್ತದೆ, ಮರ ಮೆತ್ತಗೆ, ಹಾಗಾಗಿ ಉಜ್ಜಿ ಉಜ್ಜಿ ಕೊರೆಯುತ್ತದೆ. ಆದರೆ ಖರ್ಜೂರ ಚಿಪ್ಪಿನ ಕಥೆ ಬೇರೆ. ಇದರ ಚಿಪ್ಪೂ ಕ್ಯಾಲ್ಸಿಯಂ ಕಾರ್ಬೋನೇಟು, ಹವಳವೂ ಕ್ಯಾಲ್ಸಿಯಂ ಕಾರ್ಬೋನೇಟು. ಸೀಮೆಸುಣ್ಣದಿಂದ ಸೀಮೆಸುಣ್ಣ ಉಜ್ಜಿದರೆ ಎರಡೂ ಸವೆಯುತ್ತವೆ, ಅಲ್ಲವೇ? ಹಾಗಾಗಿ ಇದು ರಸಾಯನದ ದಾರಿ ಹಿಡಿದಿದೆ. ಚಿಪ್ಪಿನ ಒಳಗಿನ ಮ್ಯಾಂಟಲ್ ಎಂಬ ಮೆತ್ತನೆಯ ಹೊದಿಕೆಯಲ್ಲಿ ಗ್ರಂಥಿಗಳಿವೆ. ಅವುಗಳಿಂದ ಬರುವ ರಸ ಗೋಡೆಯ ಸುಣ್ಣವನ್ನು ಸಡಿಲ ಮಾಡುತ್ತದೆ. ಮೊದಲು ಅದನ್ನು ಆಮ್ಲ ಎಂದೇ ನಂಬಿದ್ದರು. 1968ರಲ್ಲಿ ಮಾಲ್ಟಾ ದ್ವೀಪದ ಖರ್ಜೂರ ಚಿಪ್ಪುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದು ಆಮ್ಲವಲ್ಲ, ಕ್ಯಾಲ್ಸಿಯಮ್ಮನ್ನು ಹಿಡಿದು ಎಳೆದುಕೊಳ್ಳುವ ಒಂದು ಲೋಳೆ ಪ್ರೋಟೀನು ಎಂದು ಪ್ರಕಟಿಸಿದರು. ಗೋಡೆ ಸಡಿಲವಾದ ಮೇಲೆ ಪ್ರಾಣಿ ತನ್ನ ನೂಲುಗಳಿಂದ ಗೋಡೆಗೆ ಕಟ್ಟಿಕೊಂಡು, ಚಿಪ್ಪನ್ನು ಅಲ್ಲಾಡಿಸಿ ಕೆರೆಯುತ್ತದೆ.

ಹಾಗಾದ್ರೆ ತನ್ನ ಚಿಪ್ಪೂ ಸಡಿಲ ಆಗಬೇಕಲ್ಲ? ಆಗುವುದಿಲ್ಲ, ಯಾಕೆಂದರೆ ಚಿಪ್ಪಿನ ಮೇಲೆ ಕಂದು ಬಣ್ಣದ ಪೊರೆಯ ಹೊದಿಕೆ ಇದೆ. ಅದರಲ್ಲಿ ಸುಣ್ಣ ಇಲ್ಲ. ಹೊದಿಕೆ ಹೇಗೆ ಕಾಪಾಡುತ್ತದೆ ಅಂತ ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಮೊಟ್ಟೆಯ ಚಿಪ್ಪಿನ ಎರಡು ಚೂರು ತೆಗೆದುಕೊಳ್ಳಿ. ಒಂದಕ್ಕೆ ಕರಗಿದ ಮೇಣದ ಬತ್ತಿಯ ಮೇಣವನ್ನು ಎರಡೂ ಬದಿಗೆ, ಅಂಚಿಗೂ ಬಿಡದೆ ಬಳಿಯಿರಿ. ಎರಡನ್ನೂ ಲಿಂಬೆರಸದಲ್ಲಿ ಒಂದು ರಾತ್ರಿ ಬಿಡಿ. ಮೇಣವಿಲ್ಲದ ಚೂರು ಗುಳ್ಳೆ ಬಿಟ್ಟು ಮೆತ್ತಗಾಗುತ್ತದೆ, ಮೇಣ ಬಳಿದದ್ದು ಗಟ್ಟಿಯಾಗೇ ಇರುತ್ತದೆ. (ಮೇಣ ಕರಗಿಸುವಾಗ ಮನೆಯ ದೊಡ್ಡವರು ಹತ್ತಿರ ಇರಲಿ.) ಲಿಂಬೆರಸ ಆಮ್ಲ, ಚಿಪ್ಪಿನ ರಸ ಆಮ್ಲ ಅಲ್ಲ ಎಂಬುದು ನೆನಪಿರಲಿ. ಇಲ್ಲಿ ನೋಡಬೇಕಾದ್ದು ಹೊದಿಕೆಯ ಉಪಯೋಗವನ್ನು ಮಾತ್ರ.

ಈ ಪ್ರಾಣಿಗೆ ಸುಣ್ಣದ ಕಲ್ಲು, ಅಮೃತಶಿಲೆ, ಹವಳ, ದಪ್ಪ ಚಿಪ್ಪು ಇವೇ ಆಗಬೇಕು. ನಮ್ಮ ಚಿರೆಕಲ್ಲು, ಕರಿಕಲ್ಲನ್ನು ಅದು ಕೊರೆಯಲಾರದು. ಅಮೃತಶಿಲೆ ಅಂದಾಗ ಒಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಟಲಿಯ ಪೊಟ್ಸುಯೊಲಿ ಎಂಬ ಊರಿನಲ್ಲಿ ರೋಮನ್ನರ ಕಾಲದ ಮಾರುಕಟ್ಟೆಯೊಂದರ ಮೂರು ಅಮೃತಶಿಲೆಯ ಕಂಬಗಳು ನಿಂತಿವೆ. ಬುಡದಲ್ಲಿ ನುಣುಪು. ಮೂರೂವರೆ ಮೀಟರ್ ಎತ್ತರದ ಮೇಲೆ ಮಾತ್ರ ಸುತ್ತಲೂ ಖರ್ಜೂರ ಚಿಪ್ಪು ಕೊರೆದ ತೂತುಗಳ ಪಟ್ಟಿ! ಅಂದರೆ ಕಂಬಗಳು ನಿಂತಲ್ಲೇ ಆ ನೆಲ ಕಡಲಿಗೆ ಮುಳುಗಿ, ಮತ್ತೆ ಮೇಲೆ ಬಂದಿದೆ. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1830ರಲ್ಲಿ ಬಂದ ತನ್ನ ಪುಸ್ತಕದ ಮೊದಲ ಚಿತ್ರವಾಗಿ ಈ ಕಂಬಗಳನ್ನೇ ಹಾಕಿದ. ಬೆರಳುದ್ದದ ಪ್ರಾಣಿ ಭೂಮಿಯ ಏರಿಳಿತಕ್ಕೆ ಸಾಕ್ಷಿ ಹೇಳಿತು.

ಈಗ ಜೀವಂತ ಹವಳಕ್ಕೆ ಬರೋಣ. ಕೆಲವು ಜಾತಿಯ ಕಪ್ಪೆಚಿಪ್ಪುಗಳು ಸತ್ತ ಹವಳದಲ್ಲಿ ಮನೆ ಮಾಡುತ್ತವೆ. ಇನ್ನು ಕೆಲವಕ್ಕೆ ಜೀವಂತ ಹವಳವೇ ಬೇಕು. ಜೀವಂತ ಹವಳದ ಮೇಲೆ ಇಳಿಯುವುದು ಸುಲಭವಲ್ಲ. ಪಾಲಿಪ್‌ಗಳಿಗೆ ಕುಟುಕುವ ಕೈಗಳಿವೆ, ತೇಲಿಬರುವ ಮರಿಗಳೇ ಅವಕ್ಕೆ ಆಹಾರ. ಅದನ್ನೆಲ್ಲ ತಪ್ಪಿಸಿಕೊಂಡು ಒಳಗೆ ಸೇರಿದ ಮರಿ ಮತ್ತೆ ಯಾವತ್ತೂ ಹೊರಗೆ ಬರುವುದಿಲ್ಲ. ಒಳಗೇ ದೊಡ್ಡದಾಗುತ್ತದೆ, ಬಾಗಿಲು ಚಿಕ್ಕದಾಗೇ ಉಳಿಯುತ್ತದೆ. ಹೊರಗಿನಿಂದ ನೋಡುವವರಿಗೆ ಹವಳದ ಮೇಲೆ ಬೀಗದ ಕಿಂಡಿಯಂಥ ಅಥವಾ ಇಂಗ್ಲಿಷ್ ಎಂಟರ ಆಕಾರದ ಸಣ್ಣ ತೂತು ಮಾತ್ರ ಕಾಣುತ್ತದೆ. ಎರಡು ನಳಿಗೆಗೆ ಎರಡು ಕಿಂಡಿ ಸೇರಿ ಆ ಆಕಾರ. (ಕೆಳಗೆ ಅಂಟಿಸಿದ ಚಿತ್ರ ನೋಡಿ. ಬಣ್ಣ ಹಾಕಿದ್ದು ನನ್ನ ತಂಗಿ, ಅದಕ್ಕೇ ಹವಳ ಗುಲಾಬಿಯಾಗಿದೆ.)

ಆದರೆ ಹವಳ ಸುಮ್ಮನಿರುವುದಿಲ್ಲವಲ್ಲ, ವರ್ಷವರ್ಷ ಮೇಲಕ್ಕೆ ಬೆಳೆಯುತ್ತಾ ಇರುತ್ತದೆ. ಕಪ್ಪೆಚಿಪ್ಪು ಕೂತಲ್ಲೇ ಕೂತರೆ ಬಾಗಿಲು ಮುಚ್ಚಿ ಗೋರಿ ಆಗಿಬಿಡುತ್ತದೆ. ಅದಕ್ಕೇ ಅದು ಹೊರಮುಖವಾಗಿ ಕೊರೆಯುತ್ತಾ ಸರಿಯುತ್ತದೆ, ಬಿಟ್ಟುಬಂದ ಹಿಂದಿನ ಜಾಗಕ್ಕೆ ಸುಣ್ಣದ ಪದರ ಹಚ್ಚುತ್ತದೆ. ರಸ್ತೆಗೆ ಡಾಂಬರು ಹಾಕಿ ಹಾಕಿ ಎತ್ತರವಾದಂತೆ ನಾವು ಮನೆಯ ಮೆಟ್ಟಿಲು ಎತ್ತರಿಸುತ್ತೇವಲ್ಲ, ಹಾಗೆ. ಜೀವವಿರುವವರೆಗೂ ಈ ಕೆಲಸ ತಪ್ಪಿದ್ದಲ್ಲ.

ಇಷ್ಟು ಓದಿದಾಗ ನನಗೂ ಇದು ಪರಾವಲಂಬಿ ಅಂತಲೇ ಅನಿಸಿತ್ತು. ಮನೆ ಕೊರೆಯುತ್ತದೆ, ಬಾಡಿಗೆ ಕೊಡುವುದಿಲ್ಲ. ಆಮೇಲೆ ಕೆಂಪು ಸಮುದ್ರದ ಸುದ್ದಿ ಸಿಕ್ಕಿತು. ಇಸ್ರೇಲಿನ ಏಲಾತ್ ಊರಿನ ಹತ್ತಿರದ ದಿಬ್ಬದಲ್ಲಿ ಆಸ್ಟ್ರಿಯೋಪೋರ ಎಂಬ ಹವಳ ಮತ್ತು ಅದರೊಳಗಿನ ಕಪ್ಪೆಚಿಪ್ಪಿನ ಬಗ್ಗೆ ನಡೆದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹವಳದ ದಿಬ್ಬದ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ನೋಡಲು ಚೆಂದ, ಆದರೆ ಗೊಬ್ಬರದ ಅಂಶ ತೀರಾ ಕಡಿಮೆ. ಹವಳದ ಮೈಯೊಳಗಿನ ಪಾಚಿಗೆ ಸಾರಜನಕ ಬೇಕು. ಕಪ್ಪೆಚಿಪ್ಪಿನ ಮೂತ್ರದಲ್ಲಿ ಅಮೋನಿಯಂ ಇರುತ್ತದೆ, ಅಂದರೆ ಸಾರಜನಕವೇ. ಅದು ಸೀದಾ ಹವಳದ ಮೈಗೇ ಸಿಗುತ್ತದೆ. ತೆಂಗಿನ ತೋಟದಲ್ಲಿ ದನ ಕಟ್ಟಿದ ಹಾಗಾಯಿತು! ನಾಲ್ಕು ಎಲೆ ತಿಂದರೂ ಬುಡಕ್ಕೆ ಗೊಬ್ಬರ ಬಿತ್ತು. ಹಾಗಾದರೆ ಇದು ಎರಡನೆಯ ಕಾಲಂ, ಸಹಜೀವನ? ಆ ಅಧ್ಯಯನದ ತಲೆಬರಹದ ಕೊನೆಯಲ್ಲೇ ಪ್ರಶ್ನಾರ್ಥಕ ಚಿಹ್ನೆ ಇದೆ. ವಿಜ್ಞಾನಿಗಳೂ ನಮ್ಮ ಕ್ಲಾಸಿನ ಹಾಗೇ ಯೋಚಿಸುತ್ತಿದ್ದಾರೆ ಅಂತ ನನಗೆ ಖುಷಿಯಾಯಿತು.

ಏಲಾತಿನಲ್ಲೇ ಇನ್ನೊಂದು ವಿಚಿತ್ರ ಕಪ್ಪೆಚಿಪ್ಪಿದೆ, ಫಂಜಿಯಾಕಾವ. 1969ರಲ್ಲಿ ಅದರ ವರ್ಣನೆ ಪ್ರಕಟವಾಯಿತು. ಅದು ಅಣಬೆ ಹವಳ ಎಂಬ ಜಾತಿಯೊಳಗೆ ಇರುತ್ತದೆ. ಅದರ ನಳಿಗೆ ಹೊರಗಿನ ಕಡಲಿಗೆ ತೆರೆಯುವುದಿಲ್ಲ, ಹವಳದ ಹೊಟ್ಟೆಯೊಳಕ್ಕೇ ತೆರೆಯುತ್ತದೆ. ಹವಳದ ಹೊಟ್ಟೆಗೆ ಬಂದ ಸೂಕ್ಷ್ಮ ಸಸ್ಯಗಳನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಊಟದ ಎಲೆಯಿಂದಲ್ಲ, ನುಂಗಿದ ಮೇಲೆ ಹೊಟ್ಟೆಯಿಂದಲೇ ಪಾಲು! ಇದನ್ನು ಮೂರನೆಯ ಕಾಲಮ್ಮಿನಲ್ಲಿ, ಸಹಭೋಜಿತನದಲ್ಲಿ ಬರೆಯುತ್ತಾರೆ. ಹೆಸರಿಗೆ ತಕ್ಕ ಉದಾಹರಣೆ.

ಮೂರೂ ಕಾಲಂ ತುಂಬಿತು. ಕಷ್ಟ ಶುರುವಾಗುವುದು ಇಲ್ಲಿಂದ. ಪೂರ್ವ ಪೆಸಿಫಿಕ್ ಸಾಗರದಲ್ಲಿ, ಮಧ್ಯ ಅಮೆರಿಕದ ಕೋಸ್ಟರಿಕಾ ಮುಂತಾದ ದೇಶಗಳ ತೀರದಲ್ಲಿ, ಪೊರೈಟಿಸ್ ಎಂಬ ಗುಂಡು ಹವಳದೊಳಗೆ ಈ ಕಪ್ಪೆಚಿಪ್ಪುಗಳು ಬಹಳ. ಅಲ್ಲಿ ಟ್ರಿಗರ್ ಮೀನುಗಳೂ ಇವೆ. ನಮ್ಮ ಬಂದರಿನಲ್ಲಿ ಕಾರ್ಗಿಲ್ ಮೀನು ಅಂತಾರಲ್ಲ, ಆ ಕಪ್ಪು ಮೀನು ಇದೇ ಬಳಗದ್ದು. ಗಟ್ಟಿ ಹಲ್ಲಿನ ದೊಡ್ಡ ಟ್ರಿಗರ್ ಮೀನು ಕಪ್ಪೆಚಿಪ್ಪಿನ ಆಸೆಗೆ ಹವಳವನ್ನೇ ಕಚ್ಚಿ ಒಡೆಯುತ್ತದೆ. ತೂತು ಬಿದ್ದ ಹವಳ ಸುಲಭವಾಗಿ ಮುರಿಯುತ್ತದೆ. ಹವಳಕ್ಕೆ ದೊಡ್ಡ ನಷ್ಟ ಎಂದು ನೀವು ಹೇಳಬಹುದು. ಆದರೆ ಕೆಳಗೆ ಉರುಳಿದ ಚೂರುಗಳು ಸಾಯುವುದಿಲ್ಲ, ಅನೇಕ ಚೂರುಗಳು ಬಿದ್ದಲ್ಲೇ ಹೊಸ ಹವಳವಾಗಿ ಬೆಳೆಯುತ್ತವೆ. ನಾವು ದಾಸವಾಳದ ಗೆಲ್ಲು ಮುರಿದು ನೆಡುವ ಹಾಗೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ನೋಡಲು ಒಂದೇ ಥರ ಇರುವ ಎರಡು ಪೊರೈಟಿಸ್ ಜಾತಿಗಳನ್ನು ಹೋಲಿಸಿತು. ಯಾವ ಜಾತಿಯಲ್ಲಿ ಕಪ್ಪೆಚಿಪ್ಪು ಹೆಚ್ಚೋ ಅದಕ್ಕೇ ಮೀನಿನ ಕಡಿತ ಹೆಚ್ಚು, ಅದರಲ್ಲೇ ಚೂರಿನಿಂದ ಹುಟ್ಟಿದ ಸಂತಾನವೂ ಹೆಚ್ಚು. ಒಳಗೆ ಕೊರೆದವನಿಂದ ಮೀನು ಬಂತು, ಮೀನಿನಿಂದ ಹವಳ ಹಬ್ಬಿತು. ಇದನ್ನು ಬೋರ್ಡಿನ ಮೇಲೆ ಎಲ್ಲಿ ಬರೆಯುತ್ತೀರಿ?

ಇದರಿಂದ ನಷ್ಟವೇ ಇಲ್ಲ ಅಂದುಕೊಳ್ಳಬೇಡಿ. ಹವಳದ ದಿಬ್ಬ ಒಂದು ಬ್ಯಾಂಕ್ ಪಾಸ್‌ಬುಕ್ ಇದ್ದಂತೆ. ಜೀವಂತ ಹವಳ ದಿನಾ ಸುಣ್ಣ ಜಮಾ ಮಾಡುತ್ತದೆ. ಕಪ್ಪೆಚಿಪ್ಪು, ಕೊರೆಯುವ ಸ್ಪಂಜು, ಹುಳುಗಳು, ಹವಳ ಕೆರೆದು ತಿನ್ನುವ ಗಿಳಿಮೀನು, ಅಲೆಗಳು, ಇವೆಲ್ಲ ಖರ್ಚಿನ ಬದಿ. ಜಮಾ ಹೆಚ್ಚಿದ್ದಾಗ ನಾಲ್ಕು ತೂತು ಲೆಕ್ಕಕ್ಕಿಲ್ಲ. ಈಗ ಹವಳ ಸತ್ತಿತು ಅನ್ನಿ. ಜಮಾ ನಿಂತುಹೋಯಿತು. ಆದರೆ ಕೊರೆಯುವವರು ನಿಲ್ಲಿಸುವುದಿಲ್ಲ, ಇನ್ನೂ ಹೆಚ್ಚು ಜನ ಬಂದು ಸೇರುತ್ತಾರೆ. ಬರೀ ತೂತಿನ ಜರಡಿ ಉಳಿಯುತ್ತದೆ, ಒಂದು ದೊಡ್ಡ ಗಾಳಿಮಳೆಗೆ ಪುಡಿಯಾಗುತ್ತದೆ.

ಹವಳ ಸಾಯುವುದು ಯಾಕೆ? ಕಡಲ ನೀರು ಬೇಸಿಗೆಯ ಮಾಮೂಲಿ ಬಿಸಿಗಿಂತ ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ, ಪಾಲಿಪ್ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಹವಳ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಗಿದೆ. ಇನ್ನೊಂದು ಕಾರಣ ಕೊಳಕು ನೀರು. ರೇಮಂಡ್ ಹೈಸ್ಮಿತ್ ಎಂಬ ವಿಜ್ಞಾನಿ ವಸ್ತುಸಂಗ್ರಹಾಲಯಗಳಲ್ಲಿದ್ದ ಹವಳದ ತುಂಡುಗಳನ್ನು, ಅಂದರೆ ನಮ್ಮ ಕಪಾಟಿನಲ್ಲಿರುವಂಥವನ್ನೇ, ಪರೀಕ್ಷಿಸಿ 1980ರಲ್ಲಿ ಒಂದು ವಿಷಯ ಹೇಳಿದರು: ಯಾವ ಕಡಲಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಹೆಚ್ಚೋ ಅಲ್ಲಿನ ಹವಳದಲ್ಲಿ ಕೊರೆಯುವ ಚಿಪ್ಪುಗಳೂ ಹೆಚ್ಚು. ಚರಂಡಿ ನೀರು, ಗದ್ದೆಯ ಗೊಬ್ಬರ ಕಡಲಿಗೆ ಸೇರಿದರೆ ಆ ಸಸ್ಯಗಳು ಹೆಚ್ಚುತ್ತವೆ. ಅಂದರೆ ನಾವು ಕೊರೆಯುವವರಿಗೆ ಊಟ ಬಡಿಸಿದ ಹಾಗೆ.

ಇದು ಯಾರ ಮನೆಯ ಪ್ರಶ್ನೆ ಎಂದು ಕೇಳಿದರೆ, ಲಕ್ಷದ್ವೀಪದವರ ಮನೆಯ ಪ್ರಶ್ನೆ. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಇಟ್ಟಿಗೆ, ಜಲ್ಲಿ ತುಂಬಿಕೊಂಡು ನಾವೆಗಳು ಅಲ್ಲಿಗೆ ಹೋಗುತ್ತವೆ. ಜಲ್ಲಿಯನ್ನೂ ಯಾಕೆ ಒಯ್ಯಬೇಕು? ಅಲ್ಲಿ ಬೇರೆ ಕಲ್ಲೇ ಇಲ್ಲ, ಇಡೀ ದ್ವೀಪವೇ ಹವಳದ ಪುಡಿ. ಜನವಸತಿ ಇರುವ ಹತ್ತು ದ್ವೀಪಗಳು, 2011ರ ಜನಗಣತಿಯಂತೆ 64 ಸಾವಿರಕ್ಕೂ ಹೆಚ್ಚು ಜನ. ಮುಂಗಾರಿನ ಅಲೆಗಳನ್ನು ತಡೆಯುವುದು ಸುತ್ತಲಿನ ಹವಳದ ದಿಬ್ಬವೇ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಇನ್ನೊಂದು ಕಥೆ. ಅಲ್ಲಿನ ಮತ್ತು ಪಾಕ್ ಕೊಲ್ಲಿಯ ಹವಳ ಕೊರೆಯುವ ಚಿಪ್ಪುಗಳ ಬಗ್ಗೆ ಕೆ.ಕೆ. ಅಪ್ಪುಕುಟ್ಟನ್ ಎಂಬ ವಿಜ್ಞಾನಿಯ ಪ್ರಬಂಧ 1972ರಷ್ಟು ಹಿಂದೆಯೇ ಪ್ರಕಟವಾಗಿದೆ. ಆದರೆ ಅಲ್ಲಿ ಚಿಪ್ಪಿಗಿಂತ ಹೆಚ್ಚು ಕೊರೆದವರು ಮನುಷ್ಯರು. ಸುಣ್ಣಕ್ಕೆಂದು, ಕಾರ್ಖಾನೆಗೆಂದು ವರ್ಷಗಟ್ಟಲೆ ಹವಳ ಒಡೆದು ಸಾಗಿಸಿದರು. 21 ದ್ವೀಪಗಳಲ್ಲಿ 2 ನೀರಿನಡಿ ಹೋದವು. ಅವರಿಗೆ ಯಾವ ಕಾಲಂ ಅಂತ ಮಾಸ್ತರರು ಕೇಳಲಿಲ್ಲ.

ನನ್ನ ಉತ್ತರ ಇಷ್ಟು: ಬೋರ್ಡಿನ ಮೇಲೆ ಇನ್ನೊಂದು ಗೆರೆ ಎಳೆದು, ‘ಹವಳ ಗಟ್ಟಿಯಾಗಿರುವಾಗ’, ‘ಹವಳ ಸೊರಗಿದಾಗ’ ಎಂದು ಎರಡು ಸಾಲು ಮಾಡಬೇಕು. ಮೇಲಿನ ಸಾಲಿನಲ್ಲಿ ಏಲಾತಿನ ಕಪ್ಪೆಚಿಪ್ಪು ಸಹಜೀವಿ, ಕೆಳಗಿನ ಸಾಲಿನಲ್ಲಿ ಅದೇ ಬಳಗ ಮನೆಮುರುಕ. ನನ್ನ ಪಕ್ಕ ಕೂರುವ ಗೆಳತಿ ಇದನ್ನು ಒಪ್ಪುವುದಿಲ್ಲ. ‘ಕೇಳದೆ ಗೋಡೆ ಕೊರೆದವನು ಯಾವ ಸಾಲಿನಲ್ಲಿದ್ದರೂ ಕಳ್ಳನೇ’ ಅಂತಾಳೆ. ಮಾಸ್ತರರು ಇಬ್ಬರಿಗೂ ಮಾರ್ಕು ಕೊಟ್ಟಿಲ್ಲ, ‘ಇನ್ನೂ ಓದಿ ಬನ್ನಿ’ ಅಂದಿದ್ದಾರೆ. ನಿಮ್ಮ ಉತ್ತರವನ್ನು ಕಾರಣ ಸಮೇತ ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿನ ಡಬ್ಬಕ್ಕೆ ಹಾಕಿ.

ಇನ್ನೊಂದು ಕೆಲಸ. ನಮ್ಮ ಕಡೆ ಹವಳ ನೋಡಬೇಕಾದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೇ ಹೋಗಬೇಕು, ಅಲ್ಲಿ ನೀರಿನಡಿಯ ಬಂಡೆಗಳ ಮೇಲೆ ಹವಳ ಇದೆ. ಆದರೆ ಕೊರೆದ ತೂತುಗಳನ್ನು ನೋಡಲು ನಮ್ಮ ದಂಡೆಯೇ ಸಾಕು. ದಪ್ಪ ಸಿಂಪಿಯ ಚಿಪ್ಪಿನಲ್ಲಿ ಸಾಸಿವೆ ಕಾಳಿನಂಥ ತೂತುಗಳು ಗುಂಪಾಗಿದ್ದರೆ ಅದು ಕೊರೆಯುವ ಸ್ಪಂಜಿನ ಕೆಲಸ. ಚಿಕ್ಕ ಚಿಪ್ಪಿನಲ್ಲಿ ಕೈವಾರದಿಂದ ಕೊರೆದಂತೆ ದುಂಡಗಿನ ಒಂದೇ ತೂತಿದ್ದರೆ, ಕಡಲ ಬಸವನಹುಳು ಅದನ್ನು ಬೇಟೆಯಾಡಿದೆ ಅಂತ ಅರ್ಥ. ತೇಲಿಬಂದ ಮರದ ತುಂಡಿನಲ್ಲಿ ಬೆರಳು ಗಾತ್ರದ ಸುರಂಗ ಇದ್ದರೆ ಆಗಲೇ ಹೇಳಿದ ದೋಣಿ ಹುಳು. ಸಿಕ್ಕಿದ್ದನ್ನು ಶನಿವಾರದೊಳಗೆ ತಂದುಕೊಡಿ, ಮುಂದಿನ ಸಂಚಿಕೆಯ ಕೆಳಗೆ ಮೇಜಿನ ಮೇಲೆ ಜೋಡಿಸೋಣ. ಹವಳ ಮಾತ್ರ ಯಾರೂ ತರಬೇಡಿ. 2001ರಿಂದ ದಿಬ್ಬ ಕಟ್ಟುವ ಹವಳಕ್ಕೂ ಹುಲಿಗೆ ಇರುವಂಥದೇ ಕಾನೂನಿನ ರಕ್ಷಣೆ ಇದೆ.

– 9ನೇ ತರಗತಿ, ವಿಜ್ಞಾನ ಪುಟದ ಪರವಾಗಿ